ಬೂದಿ ಬಣ್ಣದ ಪದರು

ಕೆಂಪು ಬಣ್ಣ ಕೆರೆದುಹೋಯಿತು. ಅದರಡಿ ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿ ಪುಡಿಪುಡಿಯಾಗಿ ಉದುರಿತು. ಎಡಗಡೆಯ ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ಕುಳಿ ಕಾಣಿಸಿತು. ಬೆರಳ ತುದಿಯಷ್ಟೇ ಅಗಲ. ಆದರೆ ಆಳ. ತಳ ಚೂಪು.

ಮಹಿಬೂಬ ಸ್ಯಾಂಡ್ ಪೇಪರ್ ಕೆಳಗಿಟ್ಟ. ಅವನು ಇಂಡಿ ತಾಲೂಕಿನ ಕಡೆಯವನು, ನಾಸಿಕ್‌ನ ಅಂಬಡ್‌ನಲ್ಲಿ ಹದಿನೈದು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಎರಡೇ ಸೀಟಿನ ಈ ಹಳೇ ಸ್ಪೋರ್ಟ್ಸ್ ಕಾರನ್ನು ಓಝರ್‌ನ ಎಂಜಿನಿಯರೊಬ್ಬರು ಕೊಂಡು ತಂದಿದ್ದರು. ಇದರ ಮೇಲೆ ಹಿಂದೊಮ್ಮೆ ಸಾವಿನ ಕೇಸಿತ್ತು, ಸಾಬೀತಾಗಲಿಲ್ಲ ಎಂದು ಮೊದಲೇ ಹೇಳಿದ್ದರು. ಮಹಿಬೂಬ ಠಾಣೆಗೆ ಫೋನ್ ಮಾಡಿದ.

ಬಂದದ್ದು ಸಬ್ ಇನ್ಸ್‌ಪೆಕ್ಟರ್ ಚನಬಸಪ್ಪ. ಗೋಡೆಗೆ ಒರಗಿಸಿದ್ದ ನಂಬರ್ ಪ್ಲೇಟ್ ನೋಡಿದವನೇ ನಿಂತುಬಿಟ್ಟ.

ಆ ನಂಬರು ಅವನಿಗೆ ಬಾಯಿಪಾಠ. ಒಂಬತ್ತು ವರ್ಷದ ಹಿಂದೆ, 2003ರಲ್ಲಿ, ಔರಂಗಾಬಾದಿನಲ್ಲಿ ನಡೆದದ್ದು. ಭಾನುವಾರ ಬೆಳಗ್ಗೆ ಕೆಲಸಕ್ಕೆ ಹೊರಟಿದ್ದ ರೇವಪ್ಪನೆಂಬ ಗೌಂಡಿಗೆ ಕಾರೊಂದು ಗುದ್ದಿ ಓಡಿಹೋಗಿತ್ತು. ರೇವಪ್ಪ ಅಲ್ಲೇ ಸತ್ತ. ನೋಡಿದವಳು ಜೊತೆಗಿದ್ದ ಹೆಂಡತಿ ಹನುಮವ್ವ ಒಬ್ಬಳೇ. ಅವಳಿಗೆ ಮರಾಠಿ ಬಾರದು. ಅಕ್ಕಲಕೋಟೆಯ ಚನಬಸಪ್ಪ ಆಗ ಅಲ್ಲಿ ಕಾನ್‌ಸ್ಟೇಬಲ್. ಅವಳ ಕನ್ನಡವನ್ನು ಮರಾಠಿಯಲ್ಲಿ ಬರೆದುಕೊಟ್ಟವನು ಅವನೇ.

"ಕಡೀಗೂ ಸಿಕ್ಕಿಬಿದ್ದ," ಎಂದ. "ಉತ್ಕರ್ಷ ಅಂತ, ಈ ಗಾಡಿ ಮೊದಲಿನ ಮಾಲಕ. ಗುದ್ದಿದ ಗುರುತಿಗೆ ಪುಟ್ಟಿ ತುಂಬಿ ಮುಚ್ಯಾನ."

"ತಡೀರಿ ಸಾಹೇಬ್ರ." ಮಹಿಬೂಬ ಕುಳಿಗೆ ಟಾರ್ಚ್ ಹಿಡಿದ. "ತಳದಾಗ ಯಾವ ಬಣ್ಣ ಐತಿ?"

"ಬೂದಿ."

"ಪ್ರೈಮರ್ರಿ ಅದು. ಹಳೇ ಬಣ್ಣ ಎಲ್ಲಾ ಕೆರದು, ತಗಡಿಗೆ ಮೊದಲ ಇದನ್ನ ಹೊಡೀತೇವಿ. ಆಮ್ಯಾಲೆ ಕೆಂಪು. ಕೆಂಪು ಹೊಡದ ಮ್ಯಾಲೆ ಗುದ್ದಿದ್ರ ಕುಳಿಯೊಳಗ ಕೆಂಪು ಉಳೀಬೇಕಿತ್ತು. ಎಷ್ಟು ತಿಕ್ಕಿದ್ರೂ ಇಷ್ಟು ಆಳಕ್ಕ ಪೇಪರ್ ಮುಟ್ಟಂಗಿಲ್ಲ. ಒಂದು ಚುಕ್ಕಿನೂ ಇಲ್ಲ ನೋಡ್ರಿ."

"ಅಂದ್ರ?"

"ಗುದ್ದಿದಾಗ ಈ ಗಾಡಿ ಕೆಂಪಿರಲಿಲ್ರಿ. ಬೂದಿ ಬಣ್ಣದ್ದಿತ್ತು."

ಇದೇ ಮಾತನ್ನು ಚನಬಸಪ್ಪ ಹಿಂದೊಮ್ಮೆ ಕೇಳಿದ್ದ.

* * *

ಹನುಮವ್ವನನ್ನು ಹುಡುಕಲು ಮೂರು ದಿನ ಹಿಡಿಯಿತು. ನಿಫಾಡ್‌ನ ದ್ರಾಕ್ಷಿ ತೋಟದಲ್ಲಿ ಗೊನೆ ಕತ್ತರಿಸುತ್ತಿದ್ದಳು.

"ಗುರುತು ಸಿಕ್ತೇನವ್ವಾ?"

"ಸಿಗದೇನ್ರಿ? ನನ್ನ ಹೆಬ್ಬಟ್ಟು ಒತ್ತಿಸಿಕೊಂಡವರು ನೀವಽ."

ರೇವಪ್ಪನ ಓಳಂಬ ಇದೆಯೇ ಎಂದು ಕೇಳಿದ. ಗೋಡೆ ನೇರವಿದೆಯೇ ಎಂದು ನೋಡಲು ಗೌಂಡಿಗಳು ದಾರ ಕಟ್ಟಿ ಇಳಿಬಿಡುವ ಹಿತ್ತಾಳೆ ಗುಂಡು ಅದು. ಸಾಯುವಾಗ ರೇವಪ್ಪನ ಕೈಯಲ್ಲಿತ್ತು. ಪೊಲೀಸರು ಹೆಣದ ಜೊತೆ ಮರಳಿಸಿದ್ದರು.

ಅವಳು ಗುಡಿಸಲಿನಿಂದ ತಂದಳು. ಚೂಪು ತುದಿ ಸೊಟ್ಟಗಾಗಿತ್ತು. ಅದರ ಮೇಲೊಂದು ಬೂದಿ ಕಲೆ. ಗೌಂಡಿಯ ಸಾಮಾನಲ್ಲವೇ, ಸಿಮೆಂಟ್ ಎಂದು ಆಗ ಎಲ್ಲರೂ ಸುಮ್ಮನಾಗಿದ್ದರು. ಚನಬಸಪ್ಪ ಮಹಿಬೂಬ ಕೊಟ್ಟ ಥಿನ್ನರ್ ಅನ್ನು ಬಟ್ಟೆಗೆ ಹಚ್ಚಿ ಕಲೆಯ ಒಂದಂಚನ್ನು ಮಾತ್ರ ಒರೆಸಿದ. ಬೂದಿ ಬಣ್ಣ ಕರಗಿ ಬಟ್ಟೆಗೆ ಬಂತು. ಸಿಮೆಂಟ್ ಥಿನ್ನರಿಗೆ ಕರಗುವುದಿಲ್ಲ.

"ಅವತ್ತು ಕಾರಿನ ಬಣ್ಣ ಏನಂದಿದ್ದಿ?"

"ಒಲಿ ಬೂದಿ ಇದ್ದಂಗ ಇತ್ತು, ಹೊಳಪಿರಲಿಲ್ಲ ಅಂದಿದ್ದೆ. ನೀವು ಬರಕೊಳ್ಳಲಿಲ್ಲೇನ್ರಿ?"

ಅವನು ಬರೆದದ್ದು ಅದಲ್ಲ. ಅವಳು ಹೇಳಿದಂಥ, ಮೇಲ್ಛಾವಣಿಯಿಲ್ಲದ ಗಿಡ್ಡ ಕಾರು ಇಡೀ ಊರಿನಲ್ಲಿ ಇದ್ದದ್ದು ಒಂದೇ. ಪೊಲೀಸರು ಉತ್ಕರ್ಷನ ಮನೆಯಲ್ಲಿ ಕಂಡಾಗ ಅದು ಕೆಂಪು. ಗಾಬರಿಯಲ್ಲಿ ಈ ಹೆಣ್ಣುಮಗಳಿಗೆ ಬಣ್ಣ ತಿಳಿದಿರಲಿಕ್ಕಿಲ್ಲ, ಕೇಸಾದರೂ ಗಟ್ಟಿಯಾಗಲಿ ಎಂದು ಅವನು 'ಕೆಂಪು' ಎಂದು ಬರೆದಿದ್ದ. ಬರೆದದ್ದೇನೆಂದು ತಿಳಿಯದೆ ಅವಳು ಹೆಬ್ಬಟ್ಟು ಒತ್ತಿದ್ದಳು. ಕೇಸು ಕೋರ್ಟಿಗೆ ಬಂದಾಗ ಅವಳು ಬೇರೆ ಊರಿನ ಕೆಲಸಕ್ಕೆ ಹೋಗಿಬಿಟ್ಟಿದ್ದಳು. ತಿದ್ದುವವರೇ ಇರಲಿಲ್ಲ.

* * *

ಆ ಕಾರಿಗೆ ಕೆಂಪು ಬಣ್ಣ ಹೊಡೆದವನು ಔರಂಗಾಬಾದಿನ ಗೋವಿಂದ. ಚನಬಸಪ್ಪ ಅಲ್ಲಿನ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಅವನ ಶೆಡ್ಡಿಗೆ ಹೋಗಿ, ಮರಾಠಿಯಲ್ಲಿ ಕೇಳಿದ.

"ಕಾರನ್ನು ಯಾವತ್ತು ಮರಳಿಸಿದೆ?"

"ಶನಿವಾರ. ಕೋರ್ಟಿನಲ್ಲೂ ಹೇಳಿದ್ದೇನೆ."

"ಬಣ್ಣ ಮುಗಿಸಿ?"

"ಕೆಂಪು ಹೊಡೆದು, ಪಾಲಿಶ್ ಮಾಡಿ ಕೊಟ್ಟೆ."

"ಹಾಗಾದರೆ ಭಾನುವಾರ ಗುದ್ದಿದ ಕಾರು ಬೂದಿ ಬಣ್ಣದ್ದು ಹೇಗಾಯಿತು?"

ಚನಬಸಪ್ಪ ಓಳಂಬವನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಕುಳಿಯ ಫೋಟೋ ಇಟ್ಟ.

"ಈ ತುದಿ ಆ ಕುಳಿಗೆ ಸರಿಯಾಗಿ ಕೂರುತ್ತದೆ. ತುದಿಗೆ ಹತ್ತಿದ್ದು ಪ್ರೈಮರ್. ಕುಳಿಯ ತಳದಲ್ಲೂ ಪ್ರೈಮರ್. ಅರ್ಧ ಕೆಲಸವಾದ ಕಾರನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಕಾರು ಬುಧವಾರ ಬಂತು ಎಂದು ಉತ್ಕರ್ಷ ಬಡಕೊಂಡ, ಯಾರೂ ನಂಬಲಿಲ್ಲ. ಭಾನುವಾರ ಅದು ನಿನ್ನ ಶೆಡ್ಡಿನಲ್ಲಿತ್ತು. ಬೀಗದ ಕೈ ನಿನ್ನ ಹತ್ತಿರ ಇತ್ತು. ತಗಡು ಬಡಿದು ಎತ್ತುವ ಬದಲು ಅವಸರದಲ್ಲಿ ಪುಟ್ಟಿ ತುಂಬಿ ಕೆಂಪು ಬಳಿದವನೂ ನೀನೇ."

ಗೋವಿಂದ ಸ್ಟೂಲು ಎಳೆದುಕೊಂಡು ಕೂತ.

"ಭಾನುವಾರ ರಜೆ, ಸಾಹೇಬ. ಅಂಥ ಕಾರು ನಮ್ಮಂಥವರ ಕೈಗೆ ಯಾವಾಗ ಸಿಗಬೇಕು? ಒಂದೇ ಸುತ್ತು ಎಂದು ತೆಗೆದೆ. ಒಪ್ಪಿಕೊಳ್ಳಬೇಕು ಅಂತಲೇ ಠಾಣೆಗೆ ಬಂದಿದ್ದೆ. ಅಲ್ಲಿ ಆ ಹೆಂಗಸಿನ ಹೇಳಿಕೆ ಓದಿ ಹೇಳಿದರು. ಕೆಂಪು ಕಾರು ಅಂತಿತ್ತು. ಶನಿವಾರವೇ ಕೊಟ್ಟೆ ಅಂದರೆ ಸಾಕು, ಉಳಿದುಕೊಳ್ಳುತ್ತೇನೆ ಅನ್ನಿಸಿತು."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. "ಹೇಳಿಕೆಯಲ್ಲಿ ಬೂದಿಯನ್ನು ಕೆಂಪು ಮಾಡಿದವರು ಯಾರು?"

"ನಾನು," ಎಂದ ಚನಬಸಪ್ಪ. "ನನ್ನ ಹೇಳಿಕೆಯನ್ನೂ ಬರೆದುಕೊಳ್ಳಿ, ಸರ್."

* * *

ಮರುದಿನ ಅವನು ಮತ್ತೆ ನಿಫಾಡ್‌ಗೆ ಹೋಗಿ, ಒಂದನ್ನೂ ಮುಚ್ಚಿಡದೆ ಹೇಳಿದ. ಹನುಮವ್ವ ಕತ್ತರಿ ಹಿಡಿದೇ ಬಳ್ಳಿಯಡಿ ಕೂತಳು.

"ಆ ಉತ್ಕರ್ಷನ ಮನಿ ಹಾಳಾಗಲಿ ಅಂತ ಒಂಬತ್ತು ವರ್ಷ ದೇವರಿಗೆ ಕೈ ಮುಗದೀನ್ರಿ. ಇವನಽ ಕೊಂದಾಂವ ಅಂತ ನೀವು ಹೇಳಿದ್ರಿ, ನಾ ನಂಬಿದೆ. ಏನಾತ್ರಿ ಅವಗ?"

"ನಾಕು ವರ್ಷ ಕೋರ್ಟಿಗೆ ಅಲದ. ಗೊತ್ತಾಗಿದ್ದ ಲಗ್ನ ಮುರೀತು. ಊರು ಬಿಟ್ಟು ಸಟಾಣಾದಾಗ ಅದಾನ."

ಹನುಮವ್ವ ಕತ್ತರಿ ಕೆಳಗಿಟ್ಟು ಎದ್ದಳು. "ನಡೀರಿ ಅಲ್ಲಿಗೆ."

"ನೀ ಯಾಕವ್ವಾ? ತಪ್ಪು ನಂದು."

"ನಿಮ್ಮದು ನೀವು ಹೇಳ್ರಿ. ನೀವು ಹೇಳಿ ಮುಗಿಸಿದ ಮ್ಯಾಲೆ ನಂದೂ ಒಂದು ಮಾತೈತಿ ಅವನ ಮುಂದ."

ಚನಬಸಪ್ಪ ಜೀಪಿನ ಬಾಗಿಲು ತೆಗೆದು ಹಿಡಿದ. ಅವಳು ಹತ್ತಿ ಕೂತಳು. ಜೀಪು ಸಟಾಣಾದ ದಾರಿ ಹಿಡಿಯಿತು.