ನಂಟಿನ ಪುಸ್ತಕವೂ ಕೆಂಚಣ್ಣನ ಸೊಟ್ಟ ಹೆಬ್ಬೆರಳೂ

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಈ ಮೀಸೆಯನ್ನು, ಊರೇ ನೋಡಿ ಹೊಟ್ಟೆ ಉರಿದುಕೊಳ್ಳುವ ಈ ಮೀಸೆಯನ್ನು, ಇಲ್ಲೇ ಬೋಳಿಸಿಬಿಡಿ. ನಂಬದವರು ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಯಾರೂ ಏಳಲಿಲ್ಲವಲ್ಲ? ಸರಿ, ಕೇಳಿ.

ಬಲು ಹಿಂದೆ, ಬೆಟ್ಟಗಳಿಗೆ ಇನ್ನೂ ರೆಕ್ಕೆಗಳಿದ್ದ ಕಾಲದಲ್ಲಿ, ತಾರಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಅರಮನೆಗಿಂತ ತನ್ನ ವಿಶ್ವವಿದ್ಯಾಲಯದ ಮೇಲೇ ಹೆಚ್ಚು ಪ್ರೀತಿ. ಅದರ ಗ್ರಂಥಭಂಡಾರದಲ್ಲಿ, ಲೋಕಕ್ಕೆಲ್ಲ ಒಂದೇ ಪ್ರತಿ ಇದ್ದ ಹಳೆಯ ಪುಸ್ತಕಗಳು ಕೆಂಪು ಬಟ್ಟೆ ಸುತ್ತಿಕೊಂಡು, ಹುಳು ಹತ್ತದಂತೆ ಇಟ್ಟ ಬಜೆಬೇರಿನ ವಾಸನೆಯಲ್ಲಿ ತೂಕಡಿಸುತ್ತಿದ್ದವು. ಅವನ್ನು ಕಾಯುತ್ತಿದ್ದವಳು ಮಲ್ಲಾಜಮ್ಮ. ಆಕೆ ನಕ್ಕದ್ದನ್ನು ಕಂಡವರು ಇನ್ನೂ ಹುಟ್ಟಿರಲಿಲ್ಲ.

ಆ ರಾಜ್ಯಕ್ಕೆ ಗುಳುಂಕರಾಯನೆಂಬ ಮಾಂತ್ರಿಕನ ಕಾಟ ಹತ್ತಿತು. ಅವನ ಊಟ ಪುಸ್ತಕ. ಅದೂ ಒಂದೇ ಪ್ರತಿ ಇರುವ ಪುಸ್ತಕವೇ ಆಗಬೇಕು. ಅವನು ನುಂಗಿದನೆಂದರೆ ಅದರಲ್ಲಿದ್ದದ್ದು ಜನರ ತಲೆಯಿಂದಲೂ ಮಾಯ! ಮೊದಲು ಅಡುಗೆಯ ಪುಸ್ತಕ ನುಂಗಿದ. ಹಬ್ಬದ ದಿನ ಹೆಂಗಸರು ಬೇಳೆ, ಬೆಲ್ಲ, ಕಣಕ ಮುಂದಿಟ್ಟುಕೊಂಡು, "ಇದನ್ನೇನು ಮಾಡ್ತಿದ್ದೆವು?" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಜೋಗುಳದ ಪುಸ್ತಕ ನುಂಗಿದ. ತಾಯಂದಿರು ತೊಟ್ಟಿಲು ತೂಗುತ್ತ ಬಾಯಿ ತೆರೆದರೆ ಬರೀ ಆಕಳಿಕೆ. ಕೂಸುಗಳು ಮಲಗಲಿಲ್ಲ, ಊರೂ ಮಲಗಲಿಲ್ಲ.

ಮೂರನೆಯ ಸಲ ಕೋಟೆಯ ಮೇಲೆ ನಿಂತು ಸಾರಿದ: "ಬರುವ ಹುಣ್ಣಿಮೆಗೆ ನಂಟಿನ ಪುಸ್ತಕ ನುಂಗುತ್ತೇನೆ. ನಂಜಿಕೊಳ್ಳಲು ಉಪ್ಪಿನಕಾಯಿ ಇಟ್ಟಿರಿ!"

ನಂಟಿನ ಪುಸ್ತಕವೆಂದರೆ ಯಾರಿಗೆ ಯಾರು ಏನಾಗಬೇಕು ಎಂದು ತಿಳಿಸುವ ಪುಸ್ತಕ. ಅದು ಹೋದರೆ ಹೆತ್ತವಳಿಗೆ ಮಗನ ಗುರುತು ಹತ್ತದು.

ಅದೇ ಊರಿನಲ್ಲಿ ಕನ್ನಡಿ ಉಜ್ಜುವ ಸಿರಿಯವ್ವ ಇದ್ದಳು. ಅವಳಿಗೆ ಒಬ್ಬನೇ ಮಗ, ಕೆಂಚಣ್ಣ. ಚಿಕ್ಕಂದಿನಲ್ಲಿ ಕುಲುಮೆಗೆ ಕೈಹಾಕಿ ಸುಟ್ಟುಕೊಂಡ ಅವನ ಎಡಗೈ ಹೆಬ್ಬೆರಳು ಶುಂಠಿಯ ಕೊಂಬಿನಂತೆ ಸೊಟ್ಟ. ಧೈರ್ಯ ಮಾತ್ರ ನೆಟ್ಟಗೆ. ಯಾರು ಏನು ಕಷ್ಟ ಹೇಳಿದರೂ "ಅದಕ್ಕೇನಂತೆ!" ಅನ್ನುವವನು.

ಅವತ್ತು ಸಿರಿಯವ್ವ ಅವನ ತಟ್ಟೆಗೆ ಮುದ್ದೆ ಇಟ್ಟು, ಮುಖವನ್ನೇ ನೋಡುತ್ತ ಕೂತಳು.

"ಯಾಕವ್ವ ಹಂಗೆ ನೋಡ್ತೀಯ?"

"ಹುಣ್ಣಿಮೆ ಆದಮೇಲೆ ನೀನು ಯಾರೋ, ನಾನು ಯಾರೋ. ಈಗಲೇ ನೋಡಿಕೊಳ್ತೀನಿ ಕಣಪ್ಪ."

ಕೆಂಚಣ್ಣ ಹಿಡಿದ ತುತ್ತನ್ನು ತಟ್ಟೆಗೇ ಇಟ್ಟ. ಆಮೇಲೆ ಹೇಳಿದ: "ಅದಕ್ಕೇನಂತೆ! ಅವನ ಆಟ ನಡೆಯೋದು ಒಂದೇ ಪ್ರತಿ ಇದ್ದರೆ ತಾನೆ? ನಾನು ಮನೆಮನೆಗೂ ಪ್ರತಿ ಮಾಡಿ ಕೊಡ್ತೀನಿ."

"ಬರೆದು ಮುಗಿಸೋಷ್ಟರಲ್ಲಿ ನಿನಗೆ ಮೊಮ್ಮಕ್ಕಳಾಗ್ತಾರೆ."

"ಬರೆಯೋರು ಯಾರು? ಕನ್ನಡಿಗೆ ತೋರಿಸಿದರೆ ಆಯ್ತಲ್ಲ!"

"ನಮ್ಮ ಕನ್ನಡಿ ಕಂಡದ್ದನ್ನು ಆಗಲೇ ಮರೀತದೆ ಮಗಾ. ಮರೆಯದ ಕನ್ನಡಿ ನೀಲಿಗೆರೆಯ ಮೊಸಳೆ ಹತ್ತಿರ ಇದೆ. ಅದು ಕಂಡದ್ದು ರಾಜ್ಯದ ಕನ್ನಡಿಗಳಲ್ಲೆಲ್ಲ, ಕೊಡದ ನೀರಿನಲ್ಲೆಲ್ಲ ಮೂಡ್ತದಂತೆ. ಆದರೆ ಅದಕ್ಕೆ ಹೊಗೆಯಿಲ್ಲದ ಬೆಳಕು ಬೇಕು. ಅದು ಕೇದಗೆ ವನದ ಹಾವಿನ ಹೆಡೆಯ ಮಣಿಯಲ್ಲಿದೆ."

"ಅದಕ್ಕೇನಂತೆ!" ಎಂದು ಕೆಂಚಣ್ಣ ಕೈ ತೊಳೆದು ಹೊರಟೇಬಿಟ್ಟ.

ನೀಲಿಗೆರೆಯಲ್ಲಿ ಮೊಸಳೆ ಬಾಯಿ ತೆರೆದು ಕಾದಿತ್ತು. "ಬಾ ತಮ್ಮಾ, ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ."

"ತಿನ್ನಣ್ಣ, ಬೇಡ ಅಂದವರಾರು? ಆದರೆ ಆ ಹಲ್ಲಿನಲ್ಲೇ?"

"ನನ್ನ ಹಲ್ಲಿಗೇನಾಗಿದೆ?"

"ಕನ್ನಡಿ ಕೊಡು, ತೋರಿಸ್ತೀನಿ."

ಪಾಚಿ ಕಟ್ಟಿದ ಕನ್ನಡಿಯನ್ನು ಕೆಂಚಣ್ಣ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಎದುರಿಗೆ ಹಿಡಿದ. ತನ್ನ ಮುಖ ಕಂಡ ಮೊಸಳೆ ಕಿಟ್ಟನೆ ಕಿರುಚಿ, "ಇದನ್ನು ಇಟ್ಟುಕೊಂಡು ನಾನು ಬಾಳುವುದು ಹೇಗೆ? ಒಯ್ಯಪ್ಪಾ!" ಎಂದು ನೀರಿನೊಳಗೆ ಮುಳುಗಿತು.

ಕೇದಗೆ ವನದಲ್ಲಿ ಹಾವು ಹೆಡೆ ಎತ್ತಿತು. "ಮಣಿ ಕೇಳಿದವರಾರೂ ಮನೆ ಮುಟ್ಟಿಲ್ಲ."

"ಅದಕ್ಕೇನಂತೆ! ಭಂಡಾರದ ಪುಸ್ತಕದಲ್ಲಿ ನಿನ್ನ ಕುಲವನ್ನು ಎಷ್ಟು ಹೊಗಳಿದ್ದಾರೆ, ಗೊತ್ತೇನು?"

ಹಾವಿನ ಹೆಡೆ ಸ್ವಲ್ಪ ಇಳಿಯಿತು. "ಹೌದೇ? ಏನೆಂದು?"

"ಓದೋಣ ಅಂದರೆ ಭಂಡಾರದಲ್ಲಿ ಕತ್ತಲು. ದೀಪ ಹಚ್ಚಲು ಬಿಡೋದಿಲ್ಲ. ಮಣಿ ಎರವಲು ಕೊಟ್ಟರೆ ನಿನ್ನ ಹುತ್ತದ ಮುಂದಿನ ನೀರಿನಲ್ಲೇ ಮೂಡಿಸ್ತೀನಿ."

"ಕೆಲಸವಾದ ಮೇಲೆ ವಾಪಸ್ಸು ತರಬೇಕು" ಎಂದು ಹಾವು ಮಣಿ ಕೊಟ್ಟಿತು.

ಇನ್ನು ಮೂರನೆಯದು. ಇದರ ಮುಂದೆ ಮೊಸಳೆ ಬರೀ ಹಲ್ಲಿ, ಹಾವು ಬರೀ ಎರೆಹುಳು. ಭಂಡಾರದ ಹೊಸ್ತಿಲಲ್ಲಿ ಮಲ್ಲಾಜಮ್ಮ ನಿಂತಿದ್ದಳು.

"ಕೈ ತೋರಿಸು."

"ಅಮ್ಮಾ, ಮೊಸಳೆ ಬಾಯಿ ನೋಡಿ ಬಂದವನು ನಾನು, ಹಾವಿನ..."

"ಅವು ಪುಸ್ತಕ ಮುಟ್ಟುವುದಿಲ್ಲ. ಕೈ ತೊಳಿ."

ತೊಳೆದ. "ಮತ್ತೆ ತೊಳಿ." ಮತ್ತೆ ತೊಳೆದ. "ಹಾಳೆ ತಿರುವಲು ಬೆರಳಿಗೆ ಉಗುಳು ಹಚ್ಚಿದೆಯೋ, ಆ ಬೆರಳಿನ ಆಸೆ ಬಿಡು."

ಅಂತೂ ಕೆಲಸ ಶುರುವಾಯಿತು. ಮೇಲೆ ಮಣಿ, ನಡುವೆ ಕನ್ನಡಿ, ಕೆಳಗೆ ಪುಸ್ತಕ. ಕೆಂಚಣ್ಣ ಹಾಳೆ ತಿರುವಿದ, ಕನ್ನಡಿ ನೋಡಿತು; ತಿರುವಿದ, ನೋಡಿತು. ಮಲ್ಲಾಜಮ್ಮ ಸಾಲು ತಪ್ಪಿಸಲು ಬಿಡದ್ದರಿಂದ, ಭಂಡಾರದ ಪುಸ್ತಕಗಳೆಲ್ಲ ಆಗಿ ನಂಟಿನ ಪುಸ್ತಕದ ಕೊನೆಯ ಹಾಳೆಗೆ ಬಂದಾಗ ಹುಣ್ಣಿಮೆಯ ಮಧ್ಯಾಹ್ನ. ಹಾಳೆ ಸುರುಳಿ ಸುತ್ತಿಕೊಂಡಿತ್ತು. ಅವಸರದಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಕನ್ನಡಿ ನೋಡಿಯೇಬಿಟ್ಟಿತು.

"ಲೋ!" ಮಲ್ಲಾಜಮ್ಮ ಗುಡುಗಿದಳು. "ಇಷ್ಟು ಕಾಲ ಈ ಪುಸ್ತಕದ ಮೇಲೆ ನೊಣದ ಹೆಜ್ಜೆಯೂ ಬಿದ್ದಿರಲಿಲ್ಲ. ಈಗ ರಾಜ್ಯಕ್ಕೆಲ್ಲ ನಿನ್ನ ಸೊಟ್ಟ ಬೆರಳಿನ ದರ್ಶನ! ಮತ್ತೆ ತೋರಿಸು!"

ಮತ್ತೆ ತೋರಿಸುವ ಮೊದಲೇ ಚಾವಣಿ ಸೀಳಿಕೊಂಡು ಗುಳುಂಕರಾಯ ಇಳಿದ. ಪುಸ್ತಕ ಕಿತ್ತುಕೊಂಡ. ಗುಳುಂ!

ಪ್ರತಿ ಇತ್ತಲ್ಲ ಅನ್ನುತ್ತೀರಾ? ಇತ್ತು. ಆದರೆ ಜನರೆಲ್ಲ ಮಾಂತ್ರಿಕ ಬರುವುದನ್ನು ನೋಡಲು ಗೋಡೆ ಹತ್ತಿದ್ದರು, ಕೊಡದೊಳಗೆ ಬಗ್ಗಿ ಓದಿದವರು ಯಾರೂ ಇಲ್ಲ. ಓದದ ಪ್ರತಿ ಇದ್ದೇನು ಬಂತು?

ಊರಿಗೆ ಊರೇ ಮರೆಯಿತು. ಗಂಡಂದಿರು ಸ್ವಂತ ಮನೆಯ ಬಾಗಿಲು ತಟ್ಟಿ "ಒಳಗೆ ಬರಬಹುದೇ?" ಎಂದು ಕೇಳಿದರು. ಅತ್ತೆ ಸೊಸೆಯರು ಮೊದಲ ಸಲ ಪ್ರೀತಿಯಿಂದ ಮಾತಾಡಿದರು. ಕೆಂಚಣ್ಣ ಬೀದಿಗೆ ಬಂದು ನಿಂತ. ಮೊಸಳೆ ನೆನಪಿತ್ತು, ಹಾವು ನೆನಪಿತ್ತು. ಇಷ್ಟೆಲ್ಲ ಯಾರಿಗಾಗಿ ಮಾಡಿದೆ ಎಂಬುದು ಮಾತ್ರ ನೆನಪಿರಲಿಲ್ಲ. "ಅದಕ್ಕೇನಂತೆ" ಅನ್ನಲು ಹೋದ. ಬಾಯಿಗೆ ಬರಲಿಲ್ಲ.

ಒಂದು ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಕನ್ನಡಿ ಉಜ್ಜುತ್ತಿದ್ದಳು.

"ಅಮ್ಮಾ, ಕುಡಿಯೋಕೆ ನೀರು ಕೊಡ್ತೀರಾ?"

"ಯಾರ ಮನೆ ಹುಡುಗನೋ ಏನೋ, ಬಾಡಿಹೋಗಿದೀಯ. ಕೂತ್ಕೊಳಪ್ಪ."

ಚೊಂಬು ಕೊಟ್ಟಳು. ಕೊಟ್ಟು, ಕೈಯಲ್ಲಿದ್ದ ಕನ್ನಡಿ ನೋಡಿದಳು. ಅಲ್ಲಿ ಒಂದು ಹಾಳೆ ಮೂಡಿತ್ತು, ಹಾಳೆಯ ಮೇಲೊಂದು ಸೊಟ್ಟ ಹೆಬ್ಬೆರಳು. ಚೊಂಬು ಹಿಡಿದಿದ್ದ ಅವನ ಕೈ ನೋಡಿದಳು. ಅಲ್ಲೂ ಅದೇ ಹೆಬ್ಬೆರಳು. ಬೆರಳಿನ ಪಕ್ಕದ ಸಾಲನ್ನು ಮೆಲ್ಲಗೆ ಓದಿದಳು: "ನೊಂದ ಕಡೆ ಊದುವವಳನ್ನು ತಾಯಿ ಎನ್ನುವರು. ಊದಿಸಿಕೊಂಡವನನ್ನು ಮಗ."

"ಈ ಬೆರಳಿಗೆ ಬೆಣ್ಣೆ ಹಚ್ಚಿ ಊದಿದ್ದು ನಾನು" ಎಂದಳು. ಚೊಂಬು ಉರುಳಿತು. "ಕೆಂಚಾ!"

"ಅವ್ವಾ!"

ಅತ್ತ ಭಂಡಾರದಲ್ಲಿ ಗುಳುಂಕರಾಯನಿಗೆ ಬಿಕ್ಕಳಿಕೆ ಹತ್ತಿತು.

"ಕೊಡದೊಳಗೆ ನೋಡ್ರೋ! ಓದ್ರೋ!" ತಾಯಿ ಮಗ ಬೀದಿಬೀದಿ ಕೂಗಿದರು. ಮನೆಗೊಬ್ಬರು ಓದಿದರೆ ಅವನಿಗೊಂದು ಬಿಕ್ಕಳಿಕೆ. ಕೊನೆಗೆ ಹೊಟ್ಟೆ ತಡೆಯದೆ ನಂಟಿನ ಪುಸ್ತಕ, ಜೋಗುಳದ ಪುಸ್ತಕ, ಅಡುಗೆಯ ಪುಸ್ತಕ ಮೂರನ್ನೂ ಮಲ್ಲಾಜಮ್ಮನ ಕಾಲಬುಡದಲ್ಲಿ ಕಕ್ಕಿದ. ಆಕೆ ಬಗ್ಗಿ ನೋಡಿದಳು.

"ಮೂರಕ್ಕೂ ಉಗುಳು!"

ಬಜೆಬೇರಿನ ಕಟ್ಟು ಎತ್ತಿ ಒಂದು ಬಾರಿಸಿದಳು ನೋಡಿ, ಗುಳುಂಕರಾಯ ಕುಗ್ಗಿ ಕುಗ್ಗಿ ಪುಸ್ತಕದ ಹುಳುವಾಗಿ ಗೋಡೆಯ ಸಂದಿಗೆ ಓಡಿದ.

ಉಳಿದೆರಡು ಪುಸ್ತಕಗಳೂ ಕನ್ನಡಿಗೆ ಕಂಡು ಕೊಡದ ನೀರಿಗೆ ಇಳಿದ ಮೇಲೆ ಹಾವಿಗೆ ಮಣಿ ಸೇರಿತು, ಜೊತೆಗೆ ಹೊಗಳಿಕೆಯೂ. ಮೊಸಳೆ ದಿನಾ ಬೇವಿನಕಡ್ಡಿ ಹಿಡಿಯಿತು. ರಾಜ, "ಆ ಬೆರಳಿನ ಹಾಳೆಯನ್ನು ಹೊಸದಾಗಿ ಕನ್ನಡಿಗೆ ತೋರಿಸಿ" ಎಂದ. ಸಿರಿಯವ್ವ, "ಆ ಬೆರಳಿನ ತಂಟೆಗೆ ಬಂದವರನ್ನು ನಾನು ನೋಡ್ಕೊಳ್ತೀನಿ ಬುದ್ಧೀ" ಎಂದಳು. ಹಾಳೆ ಹಾಗೇ ಉಳಿಯಿತು. ಮಲ್ಲಾಜಮ್ಮ ಬೆರಳನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿ ನಕ್ಕುಬಿಟ್ಟಳು. ಅವತ್ತು ತಾರಾವತಿಯ ಮನೆಮನೆಯಲ್ಲೂ ಹೋಳಿಗೆ ಬೆಂದಿತು, ಜೋಗುಳ ಕೇಳಿತು, ಕೂಸುಗಳು ಮಲಗಿದವು, ಅತ್ತೆ ಸೊಸೆಯರು ಮತ್ತೆ ಜಗಳ ಶುರುಮಾಡಿ ಸುಖವಾಗಿದ್ದರು.

ಮೀಸೆಯ ಮೇಲೆ ಆಣೆ ಇಟ್ಟಿದ್ದೇನಲ್ಲ, ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮೊಸಳೆ ನಿಜ, ಹಾವು ನಿಜ, ಬೆಟ್ಟಕ್ಕೆ ರೆಕ್ಕೆ ಇದ್ದದ್ದಂತೂ ನಿಜವೇ ನಿಜ. ಮಲ್ಲಾಜಮ್ಮ ನಕ್ಕಳು ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು. ಆಕೆ ನಗಲಿಲ್ಲ. "ಹೋಳಿಗೆ ತಿಂದ ಕೈಯಲ್ಲಿ ಯಾರೂ ಒಳಗೆ ಬರಕೂಡದು" ಅಂದಳು, ಅಷ್ಟೇ.