ಗಾಜಿನ ಗೋಳದ ತಂಗಿ

ಬಹಳ ಹಿಂದೆ, ಹಕ್ಕಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಕೇದಗೆನಾಡು ಎಂಬ ರಾಜ್ಯವಿತ್ತು. ಅಲ್ಲಿ ತಾಯಿಯಿಲ್ಲದ ಇಬ್ಬರು ರಾಜಕುಮಾರಿಯರು. ಅಕ್ಕ ಸಂಪಗೆ, ತಂಗಿ ಚಿಗುರಿ. ತಂಗಿಗೆ ಜಡೆ ಹೆಣೆಯುತ್ತಿದ್ದವಳು ಅಕ್ಕನೇ. ಒಂದು ದಿನ ಬೆಳಕುಗಳ್ಳನೆಂಬ ಮಾಂತ್ರಿಕ ಚಿಗುರಿಯನ್ನು ಹೊತ್ತೊಯ್ದ. ಅವಳನ್ನು ಬಿಡಿಸಿ ತರಲು ಸಂಪಗೆ ಅವನ ಬೆಟ್ಟ ಹತ್ತಿದಳು.

ಮೊದಲ ಬಾಗಿಲಲ್ಲಿ ಹುಲಿಯೊಂದು ಬಾಯಿ ತೆರೆಯಿತು. ಅದಕ್ಕೆ ನೆರಳಿರಲಿಲ್ಲ. ಸಂಪಗೆ ಕಣ್ಣು ಮುಚ್ಚಿ ಅದರ ಮೈಯೊಳಗಿಂದಲೇ ನಡೆದುಹೋದಳು. ಅದು ಬರೀ ಬೆಳಕು.

ಎರಡನೆಯ ಬಾಗಿಲಲ್ಲಿ ತೀರಿಹೋದ ಅವ್ವ ನಿಂತಿದ್ದಳು. ಮುಂದಿನಿಂದ ಅವ್ವನದೇ ನಗು, ಹಿಂದಿನಿಂದ ಅವ್ವನದೇ ತುರುಬು. ಸಂಪಗೆ ಸುತ್ತ ಸುತ್ತಿ ನೋಡಿದಳು. ಮುಟ್ಟಹೋದರೆ ಕೈಗೆ ಏನೂ ಸಿಗಲಿಲ್ಲ. "ಹೋಗಿ ಬರ್ತೀನವ್ವಾ" ಎಂದು ಕಣ್ಣೊರೆಸಿಕೊಂಡಳು.

ಮೂರನೆಯ ಬಾಗಿಲೊಳಗೆ ಮೂರು ಗಾಜಿನ ಗೋಳಗಳು. ಒಂದೊಂದರಲ್ಲೂ ಗೇಣುದ್ದದ ಚಿಗುರಿ ಬೆಳಕಾಗಿ ಓಡಾಡುತ್ತಿದ್ದಳು.

"ಎರಡರಲ್ಲಿರುವುದು ಎಂದೋ ಹಿಡಿದಿಟ್ಟ ಬೆಳಕು" ಎಂದ ಗೋಳಗಳ ಹಿಂದೆ ನಿಂತಿದ್ದ ಬೆಳಕುಗಳ್ಳ. "ಒಂದರಲ್ಲಿ ಮಾತ್ರ ನಿನ್ನ ತಂಗಿ ಈ ಗಳಿಗೆಯಲ್ಲಿ ಮಾಡುತ್ತಿರುವುದು ಕಾಣುತ್ತದೆ. ಅದನ್ನು ಒಡೆದರೆ ನಿನ್ನವಳು. ಬೇರೆಯದನ್ನು ಒಡೆದರೆ ಎಂದೆಂದಿಗೂ ನನ್ನವಳು. ಏನಮ್ಮಾ ರಾಜಕುಮಾರಿ, ಈಗಲೇ ಬೆವರಿದೆಯಲ್ಲ!"

ಸಂಪಗೆ ಕೂಗಿದಳು. ಗಾಜಿನೊಳಗೆ ದನಿ ಹೋಗಲಿಲ್ಲ. ಮೂವರು ಚಿಗುರಿಯರೂ ತಮ್ಮ ಪಾಡಿಗೆ ಜಡೆಯ ತುದಿ ತಿರುವುತ್ತಿದ್ದರು.

ಆಗ ಅವಳಿಗೆ ಮನೆಯ ಊಟದ ಹೊತ್ತು ನೆನಪಾಯಿತು. ಬಿಕ್ಕಳಿಕೆ ಬಂದಾಗಲೆಲ್ಲ ಚಿಗುರಿ, "ಅಕ್ಕಾ, ನನ್ನನ್ನ ಯಾರು ನೆನೆಸ್ಕೊಂಡ್ರು?" ಎಂದು ಕೇಳುತ್ತಿದ್ದಳು. "ನಾನೇ ಕಣೇ" ಎನ್ನುತ್ತಿದ್ದಳು ಸಂಪಗೆ. ಬಿಕ್ಕಳಿಕೆ ನಿಲ್ಲುತ್ತಿತ್ತು.

ಸಂಪಗೆ ನೆಲದ ಮೇಲೆ ಕೂತು ತಂಗಿಯನ್ನು ನೆನೆದಳು. ಎಣ್ಣೆ ಹಚ್ಚಿದ ತಲೆಯ ಕಂಪು. ಸಿಕ್ಕು ಬಿಡಿಸುವಾಗಿನ ಕೂಗಾಟ. ಬಿದ್ದ ಹಾಲುಹಲ್ಲಿನ ಜಾಗ.

ನಡುವಿನ ಗೋಳದ ಚಿಗುರಿಯ ಭುಜ ತಟ್ಟನೆ ಕುಲುಕಿತು. ಅವಳು ಎದೆ ಹಿಡಿದು ಅತ್ತಿತ್ತ ನೋಡಿದಳು. ತುಟಿ 'ಅಕ್ಕಾ?' ಎಂದಿತು.

"ಅದು ನೀರಡಿಕೆಯ ಬಿಕ್ಕಳಿಕೆ!" ಎಂದು ಬೆಳಕುಗಳ್ಳ ಅರಚಿದ.

"ಅಲ್ಲ, ನೆನೆಸಿಕೊಂಡವಳು ನಾನೇ" ಎಂದು ಸಂಪಗೆ ಗೋಳವನ್ನು ನೆಲಕ್ಕಪ್ಪಳಿಸಿದಳು. ಬೆಳಕು ನಂದಿತು. ಅದರ ಜತೆಗೆ ಬೆಳಕುಗಳ್ಳನೂ ನಂದಿಹೋದ. ಚೂರುಗಳ ನಡುವೆ ಚಿಗುರಿ ನಿಂತಿದ್ದಳು. ಮುಟ್ಟಿದರೆ ಬೆಚ್ಚಗಿದ್ದಳು.

ಹಿಂತಿರುಗುವಾಗ ಎರಡನೆಯ ಬಾಗಿಲು ಬರಿದಾಗಿತ್ತು. ಸಂಪಗೆ ಅಲ್ಲೇ ನಿಂತಳು. ಅವಳಿಗೊಂದು ಬಿಕ್ಕಳಿಕೆ ಬಂತು.

"ಅಕ್ಕಾ, ನಾನಂತೂ ಇಲ್ಲೇ ಇದ್ದೀನಿ. ನಿನ್ನನ್ನ ಯಾರು ನೆನೆಸ್ಕೊಂಡ್ರು?"

"ಅವ್ವ ಇರಬೇಕು" ಎಂದಳು ಸಂಪಗೆ.

ಬಿಕ್ಕಳಿಕೆ ನಿಂತಿತು. ಇಬ್ಬರೂ ಕೈಹಿಡಿದು ಬೆಟ್ಟ ಇಳಿದರು. ಕೇದಗೆನಾಡಿನ ಮನೆಮನೆಯಲ್ಲೂ ಅಂದು ಪಾಯಸದ ಪರಿಮಳ. ಅಲ್ಲಿಂದ ಮುಂದೆ ಎಲ್ಲರೂ ನೆಮ್ಮದಿಯಾಗಿ ಬಾಳಿದರು.