ರಾಗಿಯ ಮೇಲಿನ ಎರಡಕ್ಷರ

"ಅಜ್ಜೀ, ನಾಳೆ ಪೇರೆಂಟ್ಸ್ ಮೀಟಿಂಗಿಗೆ ನೀನು ಬರಬೇಡ!"

ರಶ್ಮಿತಾ ಬ್ಯಾಗ್ ಬಿಸಾಕಿದಳು. ಮೊರದಲ್ಲಿ ರಾಗಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದ ಜೋಗಜ್ಜಿಯ ಕೈ ನಿಂತಿತು. ಅಪ್ಪ ಅವ್ವ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಪ್ರತಿ ಸಲ ಮೀಟಿಂಗಿಗೆ ಬರುವವಳು ಅಜ್ಜಿಯೇ.

"ಯಾಕವ್ವ, ನಾ ಏನ್ ಮಾಡ್ದೆ?"

"ಎಲ್ಲಾರೂ ಸೈನ್ ಮಾಡ್ತಾರೆ. ನೀನು ಹೆಬ್ಬೆಟ್ಟು ಒತ್ತುತೀಯ. ಹೋದ ಸಲ ನಮ್ಮ ಕ್ಲಾಸಿನ ಸ್ವಪ್ನ ಕಿಸಕ್ಕಂತ ನಕ್ಕಳು ಗೊತ್ತಾ?"

ಅಜ್ಜಿ ರಾಗಿಯ ಮೇಲೆ ಬೆರಳಿನಿಂದ ಏನೋ ಗೀಚಿ, ಅಂಗೈಯಿಂದ ಅಳಿಸಿದಳು. ದಿನಾ ಹಾಗೇ ಮಾಡುತ್ತಾಳೆ. ರಂಗೋಲಿ ಇರಬೇಕು ಅಂದುಕೊಂಡಿದ್ದಳು ರಶ್ಮಿತಾ.

ಮುನಿಸು ಎಷ್ಟಿದ್ದರೇನು, ಹೋಮ್‌ವರ್ಕ್ ಬಿಡುತ್ತದೆಯೇ? 'ಓನಾಮ' ಅಂದರೇನು, ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂದಿದ್ದರು ಶಿಲ್ಪ ಮಿಸ್. ಮನೆಯಲ್ಲಿದ್ದ ಹಿರಿಯಳು ಒಬ್ಬಳೇ. ರಶ್ಮಿತಾ ಮೆಲ್ಲಗೆ ಹತ್ತಿರ ಬಂದು ಕೇಳಿದಳು.

"ನಮಗೆ ಸ್ಲೇಟು ಎಲ್ಲಿತ್ತು ಮಗ? ದೊಡ್ಡಉಳ್ಳಾರ್ತಿ ಊರ ಗುಡಿ ಜಗಲಿ ಮ್ಯಾಲೆ ಮರಳು ಹರವೋರು. ಮೇಷ್ಟ್ರು ಬೆರಳು ಹಿಡ್ದು ತಿದ್ದಿಸೋರು. ಮೊದ್ಲು ಓಂ ನಮಃ ಶಿವಾಯ. ಅದೇ ಜನರ ಬಾಯಾಗೆ ಓನಾಮ ಆತು. ಓದು ಶುರು ಮಾಡೋದಕ್ಕೂ ಅದೇ ಹೆಸ್ರು ನಿಂತ್ಕಂತು."

"ನೀನೂ ತಿದ್ದಿದ್ಯಾ ಅಜ್ಜಿ?"

"ಎಲ್ಡು ದಿನ. ಒಂದಿನ ಓ, ಇನ್ನೊಂದಿನ ನ. ಮೂರನೇ ದಿನ ನನ್ನ ತಮ್ಮ ಹುಟ್ದ. ಕೂಸು ಎತ್ಕಳಾಕೆ ಯಾರೂ ಇರ್ಲಿಲ್ಲ. ಅಲ್ಲಿಗೆ ಮುಗೀತು."

ಹೇಳುತ್ತಲೇ ಅಜ್ಜಿಯ ಬೆರಳು ರಾಗಿಯ ಮೇಲೆ ಓಡಿತ್ತು. ರಶ್ಮಿತಾ ಬಗ್ಗಿ ನೋಡಿದಳು. ರಂಗೋಲಿ ಅಲ್ಲ. ಸೊಟ್ಟಗೊಂದು ಓ, ಪಕ್ಕದಲ್ಲಿ ನ.

"ಮರ್ತು ಹೋಗಬಾರ್ದಲ್ಲ, ಅದ್ಕೇ" ಅಂದಳು ಅಜ್ಜಿ, ನಾಚಿಕೊಂಡು. ಆಮೇಲೆ ಅಳಿಸಿಬಿಟ್ಟಳು.

ರಶ್ಮಿತಾ ಪೆನ್ನು ಹಿಡಿದು ಕುಳಿತಳು. ಆ ದಿನ ಪುಸ್ತಕದಲ್ಲಿ ಒಂದು ಸಾಲೂ ಬರೆಯಲಾಗಲಿಲ್ಲ.

ಬೆಳಿಗ್ಗೆ ಅಜ್ಜಿಯ ಚಪ್ಪಲಿ ಒರೆಸಿ ಹೊಸ್ತಿಲ ಹತ್ತಿರ ಇಟ್ಟಳು. "ಬಾ ಅಜ್ಜಿ, ಹೋಗೋಣ. ನಿನ್ನೆ ಸುಮ್ನೆ ಅಂದೆ."

"ಕಾಲು ನೋಯ್ತೈತೆ ಕಣವ್ವ. ನೀ ಹೋಗಿ ಬಾ."

ಅಜ್ಜಿಯ ಕಾಲಿಗೆ ಏನೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮೀಟಿಂಗ್ ಮುಗಿಯಿತು. ರಿಜಿಸ್ಟರಿನಲ್ಲಿ ಸಾಲಾಗಿ ಸಹಿಗಳು. ರಶ್ಮಿತಾಳ ಹೆಸರಿನ ಮುಂದೆ ಮಾತ್ರ ಖಾಲಿ. ಹೋದ ಸಲ ಅಲ್ಲಿ ನೀಲಿ ಹೆಬ್ಬೆಟ್ಟಿನ ಗುರುತಿತ್ತು.

"ನಿಮ್ಮಜ್ಜಿ ಯಾಕೇ ಬರ್ಲಿಲ್ಲ?" ಸ್ವಪ್ನ ಕೇಳಿದಳು.

ಹುಷಾರಿಲ್ಲ ಅನ್ನಬಹುದಿತ್ತು. ರಶ್ಮಿತಾ ಹಾಗನ್ನಲಿಲ್ಲ.

"ನಾನೇ ಬರಬೇಡ ಅಂದೆ" ಅಂದಳು. ಖಾಲಿ ಜಾಗ ಕಣ್ಣೀರಲ್ಲಿ ಮಸುಕಾಯಿತು.